ಬಯಲಾಟದ ಚಿತ್ರಗಳಲ್ಲಿ ಕಪ್ಪು ಪಟ್ಟೆ, ಬಿಳುಚಿದ ಮುಖ, ಸುಟ್ಟ ಕೆಂಪು: ತಪ್ಪು ಕ್ಯಾಮೆರಾದ್ದೋ ನನ್ನದೋ?

ಗದ್ದೆಬದಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳು ನಮ್ಮೂರಿನ ಕೊಯ್ಲಾದ ಗದ್ದೆಯಲ್ಲಿ ತೆಂಕುತಿಟ್ಟಿನ (ಯಕ್ಷಗಾನದ ದಕ್ಷಿಣದ ಶೈಲಿಯ) ಮೇಳವೊಂದರ ಹರಕೆಯ ಬಯಲಾಟ ನಡೆಯಿತು. ರಾತ್ರಿ ಹತ್ತರಿಂದ ಬೆಳಗಿನ ಜಾವದವರೆಗೆ ಎರಡನೆಯ ಸಾಲಿನಲ್ಲಿ ಕುಳಿತು ಸುಮಾರು 900 ಚಿತ್ರಗಳನ್ನು ತೆಗೆದೆ. ಮನೆಗೆ ಬಂದು ಕಂಪ್ಯೂಟರಿನಲ್ಲಿ ತೆರೆದಾಗ, ಇನ್ನೊಬ್ಬರಿಗೆ ತೋರಿಸಬಹುದಾದವು ಹತ್ತು ಹನ್ನೆರಡಕ್ಕಿಂತ ಹೆಚ್ಚಿಲ್ಲವೆಂದು ತಿಳಿದು ಬೇಸರವಾಯಿತು.

ನನ್ನಲ್ಲಿರುವುದು ಎಪಿಎಸ್-ಸಿ (ಫುಲ್ ಫ್ರೇಮ್‌ಗಿಂತ ಚಿಕ್ಕ) ಸೆನ್ಸರ್‌ನ, ಆರು ವರ್ಷ ಹಳೆಯ ಮಿರರ್‌ಲೆಸ್ ಕ್ಯಾಮೆರಾ. ಅದರ ಜೊತೆಗೆ ಬಂದ 18-55 ಮಿ.ಮೀ. ಲೆನ್ಸ್ ಮತ್ತು ಒಂದು 55-250 ಮಿ.ಮೀ. ಜೂಮ್ ಇವೆ. ಪಕ್ಕದಲ್ಲಿ ಕುಳಿತವರಿಗೆ ಕಿರಿಕಿರಿಯಾಗಬಾರದೆಂದು ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಬಳಸಿದೆ; ನಾಯ್ಸ್ (ಚಿತ್ರದಲ್ಲಿ ಕಾಳುಕಾಳಾಗಿ ಕಾಣುವ ಚುಕ್ಕೆಗಳು) ಬರುತ್ತದೆಂದು ಯಾರೋ ಹೆದರಿಸಿದ್ದರಿಂದ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 1600ಕ್ಕಿಂತ ಮೇಲೆ ಏರದಂತೆ ಮಿತಿ ಹಾಕಿದ್ದೆ. ಉಳಿದುದನ್ನೆಲ್ಲ ಕ್ಯಾಮೆರಾಕ್ಕೇ ಬಿಟ್ಟಿದ್ದೆ. ಬಹುಪಾಲು ಚಿತ್ರಗಳಲ್ಲಿ ಅಡ್ಡಡ್ಡವಾಗಿ ಕಪ್ಪು ಪಟ್ಟೆಗಳಿವೆ. ವೇಷಧಾರಿಗಳ ಮುಖಕ್ಕೆ ಬಳಿದ ಅರದಾಳವೆಂಬ ಬಣ್ಣದ ಹಳದಿಯೆಲ್ಲ ಸುಣ್ಣ ಬಳಿದಂತೆ ಬಿಳುಚಿದೆ. ಕೆಂಪು ದಗಲೆಯು (ವೇಷದ ಮೇಲಂಗಿ) ನೂಲು, ಜರಿ, ಮಡಿಕೆ ಯಾವುದೂ ಕಾಣದ ಒಂದೇ ಮುದ್ದೆಯಾಗಿದೆ. ದಿಗಿಣ (ಗಾಳಿಯಲ್ಲಿ ತಿರುಗುವ ಜಿಗಿತ) ಹಾರುವ ಚಿತ್ರಗಳಲ್ಲಂತೂ ಕಲಾವಿದರು ಮಂಜಿನಂತೆ ಮಸುಕಾಗಿದ್ದು, ಹಿಂದೆ ಕುಳಿತ ಭಾಗವತರ ಮುಂಡಾಸು ಮಾತ್ರ ಸ್ಫುಟವಾಗಿದೆ.

ಅಂಗಡಿಯವರು ಫುಲ್ ಫ್ರೇಮ್ ಕ್ಯಾಮೆರಾ ಕೊಳ್ಳಿರಿ ಎನ್ನುತ್ತಾರೆ. ಅಷ್ಟು ಹಣ ಹಾಕುವ ಮೊದಲು, ತಪ್ಪು ನನ್ನ ಕೈಯಲ್ಲಿದೆಯೇ ಎಂಬುದನ್ನು ತಿಳಿದವರಿಂದ ಕೇಳಿಕೊಳ್ಳೋಣವೆಂದು ಬರೆದಿದ್ದೇನೆ.

ಚೌಕಿಕನ್ನಡಿ ಉತ್ತರ:

ಸದ್ಯಕ್ಕೆ ಕ್ಯಾಮೆರಾ ಕೊಳ್ಳಬೇಡಿ. ನೀವು ಹೇಳಿದ ನಾಲ್ಕು ತೊಂದರೆಗಳೂ ಈಗಿರುವ ಕ್ಯಾಮೆರಾದಲ್ಲಿಯೇ ಬಹುಮಟ್ಟಿಗೆ ನಿವಾರಣೆಯಾಗುವಂಥವು.

ಮೊದಲು ಪಟ್ಟೆಗಳ ವಿಷಯ. ನಮ್ಮ ದೇಶದ ವಿದ್ಯುತ್ತು 50 ಹರ್ಟ್ಸ್‌ನದಾದ್ದರಿಂದ, ಅದರಿಂದ ನೇರವಾಗಿ ಉರಿಯುವ ದೀಪಗಳು ಸೆಕೆಂಡಿಗೆ 100 ಬಾರಿ ಹೆಚ್ಚು ಕಡಿಮೆಯಾಗುತ್ತಿರುತ್ತವೆ. ಹಳೆಯ ಹ್ಯಾಲೊಜೆನ್ ದೀಪದ ತಂತಿ ಕಾದೇ ಇರುವುದರಿಂದ ಆ ಏರಿಳಿತ ಅಷ್ಟಾಗಿ ತೋರುವುದಿಲ್ಲ. ಟ್ಯೂಬ್‌ಲೈಟಿನಲ್ಲಿ ಮತ್ತು ಅಗ್ಗದ ಎಲ್‌ಇಡಿ ಫ್ಲಡ್‌ಲೈಟಿನಲ್ಲಿ ಚೆನ್ನಾಗಿಯೇ ತೋರುತ್ತದೆ. ಕಣ್ಣಿಗೆ ಇದು ತಿಳಿಯದು. ಆದರೆ ಎಲೆಕ್ಟ್ರಾನಿಕ್ ಶಟರ್ ಹಾಕಿದಾಗ ಸೆನ್ಸರ್ ಇಡೀ ಚಿತ್ರವನ್ನು ಒಮ್ಮೆಲೇ ದಾಖಲಿಸದೆ ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಓದುತ್ತದೆ. ನಿಮ್ಮದರಂಥ ಕ್ಯಾಮೆರಾಗಳಲ್ಲಿ ಆ ಓದು ಮುಗಿಯುವುದರೊಳಗೆ ದೀಪವು ಹಲವು ಬಾರಿ ಏರಿಳಿದಿರುತ್ತದೆ. ಬೆಳಕು ಇಳಿದಿದ್ದಾಗ ಓದಿದ ಸಾಲುಗಳೇ ನಿಮ್ಮ ಕಪ್ಪು ಪಟ್ಟೆಗಳು. ಆದುದರಿಂದ ಯಾಂತ್ರಿಕ ಶಟರನ್ನೇ ಬಳಸಿ. ಚಂಡೆಯ ಸದ್ದಿನ ನಡುವೆ ನಿಮ್ಮ ಶಟರಿನ ‘ಟಕ್’ ಯಾರಿಗೂ ಕೇಳಿಸುವುದಿಲ್ಲ, ಆ ಸಂಕೋಚ ಬೇಡ. ಕ್ಯಾಮೆರಾದ ಮೆನುವಿನಲ್ಲಿ ಆಂಟಿ-ಫ್ಲಿಕರ್ ಎಂಬ ಆಯ್ಕೆ ಇದ್ದರೆ ಅದನ್ನೂ ಹಾಕಿಕೊಳ್ಳಿ; ದೀಪದ ಬೆಳಕು ತುದಿಗೇರುವ ಕ್ಷಣವನ್ನು ಕಾದು ಅದು ಶಟರ್ ತೆರೆಯುತ್ತದೆ. ಆ ಆಯ್ಕೆ ಇಲ್ಲದಿದ್ದರೆ, ಮಾತುಗಾರಿಕೆಯ ಹೊತ್ತಿನಲ್ಲಿ 1/100 ಸೆಕೆಂಡಿನಲ್ಲಿ ತೆಗೆಯಿರಿ. ದೀಪದ ಒಂದು ಏರಿಳಿತ ಪೂರ್ತಿಯಾಗಿ ಒಳಬರುವುದರಿಂದ ಪಟ್ಟೆ ಮೂಡುವುದಿಲ್ಲ.

ಇನ್ನು ಬಿಳುಚಿದ ಮುಖ. ಕ್ಯಾಮೆರಾದ ಮೀಟರು ತಾನು ಕಾಣುವ ದೃಶ್ಯವನ್ನೆಲ್ಲ ಸರಾಸರಿ ಬೂದು ಬಣ್ಣಕ್ಕೆ ತರಲು ಹವಣಿಸುತ್ತದೆ. ರಂಗಸ್ಥಳದ ಹಿಂದೆ ಕತ್ತಲೆಯೇ ಹೆಚ್ಚಾದ್ದರಿಂದ, ಆ ಕತ್ತಲೆಯನ್ನು ಬೆಳಗಿಸಲು ಹೋಗಿ ಮುಖವನ್ನು ಸುಟ್ಟುಹಾಕುತ್ತದೆ. ಆದರೆ ಸಿನಿಮಾ ಶೈಲಿಯ ಬಣ್ಣದ ದೀಪಗಳಿಲ್ಲದ ಹರಕೆಯಾಟದಲ್ಲಿ ರಂಗಸ್ಥಳದ ಬೆಳಕು ಇಡೀ ರಾತ್ರಿ ಹೆಚ್ಚೂಕಡಿಮೆ ಒಂದೇ ಆಗಿರುತ್ತದೆ. ಹೀಗಿರುವಾಗ ಕ್ಯಾಮೆರಾಕ್ಕೆ ಪ್ರತಿ ಚಿತ್ರಕ್ಕೂ ಹೊಸದಾಗಿ ಲೆಕ್ಕ ಹಾಕುವ ಕೆಲಸವನ್ನು ಏಕೆ ಕೊಡಬೇಕು? ಪೂರ್ವರಂಗದ ಕುಣಿತ ನಡೆಯುವಾಗಲೇ ಮ್ಯಾನುವಲ್ ಮೋಡಿನಲ್ಲಿ ಒಮ್ಮೆ ಮುಖಕ್ಕೆ ಸರಿಹೊಂದಿಸಿಕೊಂಡರೆ, ಆಮೇಲೆ ಮುಖ್ಯ ಪ್ರಸಂಗದುದ್ದಕ್ಕೂ ಅದನ್ನು ಮುಟ್ಟುವ ಅಗತ್ಯವೇ ಬರುವುದಿಲ್ಲ. ನಾನು ಸಾಮಾನ್ಯವಾಗಿ ಎಫ್/2.8 (ಲೆನ್ಸಿನ ತೆರಪಿನ ಅಳತೆ; ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಹೆಚ್ಚು), 1/250 ಸೆಕೆಂಡು, ಐಎಸ್‌ಒ 3200ರಿಂದ ಆರಂಭಿಸುತ್ತೇನೆ.

ಐಎಸ್‌ಒ ಮಿತಿಯೇ ನಿಮ್ಮ ಮಸುಕಿಗೆ ಕಾರಣ. ಜೂಮ್‌ನ ತುದಿಯಲ್ಲಿ ಎಫ್/5.6, ಐಎಸ್‌ಒ 1600 ಎಂದು ಕಟ್ಟಿಹಾಕಿದರೆ ಕ್ಯಾಮೆರಾವು ಶಟರನ್ನು ನಿಧಾನಗೊಳಿಸದೆ ಇನ್ನೇನು ಮಾಡೀತು? ನಾಯ್ಸ್ ಇರುವ ಸ್ಫುಟ ಚಿತ್ರವನ್ನು ತಂತ್ರಾಂಶದಲ್ಲಿ ತಿದ್ದಬಹುದು. ಅಲುಗಿದ ಚಿತ್ರವನ್ನು ತಿದ್ದಲು ಬಾರದು. ಹಣ ಖರ್ಚು ಮಾಡಲೇಬೇಕೆಂದಿದ್ದರೆ ಒಂದು 50 ಮಿ.ಮೀ. ಎಫ್/1.8 ಲೆನ್ಸ್ ಕೊಳ್ಳಿ. ಎಫ್/5.6ಕ್ಕೆ ಹೋಲಿಸಿದರೆ ಅದು ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕನ್ನು ಒಳಬಿಡುತ್ತದೆ. ಆ ಬೆಲೆಗೆ ಅಷ್ಟು ಲಾಭ ಬೇರೆ ಯಾವ ಲೆನ್ಸಿನಲ್ಲೂ ಇಲ್ಲ.

ಫ್ಲ್ಯಾಶ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ: ಬಳಸಬಾರದು. ಭಾರದ ಕಿರೀಟ ಹೊತ್ತು ಗಿರಕಿ ಹೊಡೆಯುವವರ ಕಣ್ಣಿಗೆ ಅದು ಹೊಡೆದರೆ ಹೆಜ್ಜೆ ತಪ್ಪುತ್ತದೆ. ಫೋಕಸ್‌ಗಾಗಿ ಕ್ಯಾಮೆರಾ ಬೆಳಗಿಸುವ ಪುಟ್ಟ ದೀಪವನ್ನೂ ಆರಿಸಿಡಿ.

ಘಟ್ಟದಮೇಲಿನವ ಉತ್ತರ:

ಮೇಲಿನ ಉತ್ತರದ ತಾಂತ್ರಿಕ ಭಾಗವನ್ನು ನಾನು ಒಪ್ಪುತ್ತೇನೆ. ಆದರೆ 900 ಚಿತ್ರಗಳು ಎಂಬ ಸಂಖ್ಯೆಯ ಬಗ್ಗೆ ಯಾರೂ ಮಾತನಾಡಲಿಲ್ಲ. ನಾನು ಶಿರಸಿಯ ಕಡೆಯವನು, ನೋಡಿದ್ದೆಲ್ಲ ಉತ್ತರದ ಶೈಲಿಯಾದ ಬಡಗುತಿಟ್ಟು. ಮೊದಮೊದಲು ನಾನೂ ಗುಂಡಿಯನ್ನು ಒತ್ತಿ ಹಿಡಿದು ಒಂದೇ ಸಮನೆ ಚಿತ್ರ ಸುರಿಸುತ್ತಿದ್ದೆ. ಅಷ್ಟಾದರೂ ಬೇಕಾದ ಭಂಗಿ ಎರಡು ಚಿತ್ರಗಳ ನಡುವೆ ಎಲ್ಲೋ ತಪ್ಪಿಸಿಕೊಂಡಿರುತ್ತಿತ್ತು. ಕಣ್ಣಿನಿಂದ ಕಂಡ ಮೇಲೆ ಗುಂಡಿ ಒತ್ತಿದರೆ ತಡವಾಯಿತೆಂದೇ ಅರ್ಥ. ಯಕ್ಷಗಾನದಲ್ಲಿ ನಮಗೆ ಒಂದು ಅನುಕೂಲವಿದೆ: ಕುಣಿತವು ತಾಳಕ್ಕೆ ಬದ್ಧವಾದುದು, ಮುಕ್ತಾಯ ಯಾವಾಗ ಬೀಳುತ್ತದೆಂಬುದನ್ನು ಚಂಡೆ ಮದ್ದಳೆಗಳು ಮೊದಲೇ ಹೇಳಿಬಿಡುತ್ತವೆ. ಬಿಡ್ತಿಗೆ ಎಂಬ ಬಾರಿಸಿಕೆಯ ಕೊನೆಯ ಹೊಡೆತಕ್ಕೆ ವೇಷ ನಿಲ್ಲುತ್ತದೆ. ಕೈ, ಕತ್ತು, ಕಣ್ಣು ಮೂರೂ ಅರೆಗಳಿಗೆ ಸ್ತಬ್ಧವಾಗುತ್ತವೆ. ಆ ಹೊಡೆತಕ್ಕೆ ಒತ್ತಿದರೆ 1/125 ಕೂಡ ಸಾಕು, ಐಎಸ್‌ಒ ಒಂದು ಮೆಟ್ಟಿಲು ಕೆಳಗಿಳಿಯುತ್ತದೆ. ಒಂದು ಆಟವನ್ನು ಕ್ಯಾಮೆರಾ ಇಲ್ಲದೆ ಕೇಳುವುದಕ್ಕಾಗಿಯೇ ನೋಡಿ ಬನ್ನಿ.

ದಿಗಿಣದ ಮಾತು ಬೇರೆ. ದೇಹ ಮೇಲೇರಿ ತುದಿ ಮುಟ್ಟಿದಾಗ ಏರುವ ಚಲನೆ ನಿಂತರೂ ತಿರುಗುವ ಚಲನೆ ನಿಲ್ಲದಿರುವುದರಿಂದ ಅದಕ್ಕೆ 1/500 ಬೇಕೇ ಬೇಕು. ಆದರೆ ಎಲ್ಲವನ್ನೂ ಕಲ್ಲಿನಂತೆ ನಿಲ್ಲಿಸುವ ಹಟವೂ ಒಳ್ಳೆಯದಲ್ಲ. ಮಂಡಿಕುಣಿತವನ್ನು 1/500ರಲ್ಲಿ ತೆಗೆದು ನೋಡಿ, ಯಾರೋ ಮಂಡಿಯೂರಿ ಕುಳಿತಂತೆ ಕಾಣುತ್ತದೆಯೇ ಹೊರತು ಕುಣಿದಂತಲ್ಲ. ಅದಕ್ಕೆ 1/30 ಇರಲಿ. ಇಪ್ಪತ್ತರಲ್ಲಿ ಒಂದು ಸರಿಬಂದರೆ ಅದೇ ದೊಡ್ಡದು.

ಗದ್ದೆಬದಿ:

ಇಬ್ಬರಿಗೂ ಧನ್ಯವಾದಗಳು. ಮೊನ್ನೆ ಪಕ್ಕದೂರಿನ ಆಟಕ್ಕೆ ಗೆಳೆಯರೊಬ್ಬರಿಂದ 50 ಮಿ.ಮೀ. ಲೆನ್ಸ್ ಎರವಲು ತಂದು, ಯಾಂತ್ರಿಕ ಶಟರಿನಲ್ಲಿ, ಮ್ಯಾನುವಲ್ ಮೋಡಿನಲ್ಲಿ ತೆಗೆದೆ. ಪಟ್ಟೆಗಳು ಬಹುತೇಕ ಹೋದವು, ಮುಖದ ಬಣ್ಣ ಉಳಿಯಿತು. ಆದರೆ ಎಫ್/1.8ರಲ್ಲಿ ಕಣ್ಣು ಸ್ಫುಟವಾಗಿದ್ದರೆ ಚಾಚಿದ ಕೈಯ ಬಿಲ್ಲು ಮಸುಕಾಗುತ್ತದೆ. ಕೆಂಪು ದಗಲೆಯ ಸಮಸ್ಯೆಯೂ ಹಾಗೆಯೇ ಇದೆ. ಹಿಸ್ಟೊಗ್ರಾಂ (ಚಿತ್ರದ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಸರಿಯಾಗಿದೆಯೆಂದು ತೋರಿದರೂ ಬಟ್ಟೆಯ ವಿವರ ಕಾಣುತ್ತಿಲ್ಲ.

ಹಳೇನೆಗೆಟಿವ್ ಉತ್ತರ:

ಮೊದಲನೆಯದು ಬರಿಯ ಲೆಕ್ಕ. ನಿಮ್ಮಂಥ ಸೆನ್ಸರ್‌ನಲ್ಲಿ 50 ಮಿ.ಮೀ. ಲೆನ್ಸನ್ನು ಎಫ್/1.8ಕ್ಕೆ ತೆರೆದು ಮೂರು ಮೀಟರ್ ದೂರದವರನ್ನು ತೆಗೆದರೆ ಸ್ಫುಟವಾಗಿ ಕಾಣುವ ಆಳ ಹೆಚ್ಚೆಂದರೆ 25 ಸೆಂಟಿಮೀಟರ್. ಬಿಲ್ಲು ಹಿಡಿದ ಕೈ ಅದರೊಳಗೆ ಹಿಡಿಯುವುದಿಲ್ಲ. ಐದು ಮೀಟರಿಗೆ ಸರಿದು ಎಫ್/2.8 ಇಟ್ಟರೆ ಅದು ಸುಮಾರು ಒಂದು ಮೀಟರ್ ಆಗುತ್ತದೆ. ಎರಡನೆಯ ಸಾಲನ್ನು ಬಿಟ್ಟು ನಾಲ್ಕನೆಯದಕ್ಕೆ ಹೋಗಿ. ಹೆಂಗಸರು ಮಕ್ಕಳು ಕುಳಿತಿರುವ ಮುಂದಿನ ಚಾಪೆಯೂ ನಿಮ್ಮ ಅಡ್ಡಿಯಿಂದ ಪಾರಾಗುತ್ತದೆ.

ಕೆಂಪಿನ ವಿಷಯ ಸ್ವಲ್ಪ ಸೂಕ್ಷ್ಮ. ನೀವು ನೋಡುತ್ತಿರುವುದು ಮೂರು ಬಣ್ಣಗಳನ್ನು ಕೂಡಿಸಿ ತೋರಿಸುವ ಒಂದೇ ಬಿಳಿ ಹಿಸ್ಟೊಗ್ರಾಂ ಆಗಿರಬೇಕು. ಆ ಲೆಕ್ಕದಲ್ಲಿ ಹಸಿರಿನ ಪಾಲೇ ಹೆಚ್ಚಾದ್ದರಿಂದ, ಕೆಂಪು ಬಣ್ಣವೊಂದೇ ತುಂಬಿ ಚೆಲ್ಲಿದರೂ ಅದು ತಿಳಿಯುವುದಿಲ್ಲ. ಮೆನುವಿನಲ್ಲಿ ಕೆಂಪು, ಹಸಿರು, ನೀಲಿಯನ್ನು ಬೇರೆ ಬೇರೆಯಾಗಿ ತೋರಿಸುವ ಹಿಸ್ಟೊಗ್ರಾಂ ಆರಿಸಿಕೊಂಡು, ಕೆಂಪಿನ ಗುಡ್ಡ ಬಲಗೋಡೆಗೆ ಆನದಷ್ಟು ಬೆಳಕನ್ನು ಇಳಿಸಿ. ಹಳದಿ ಬಲ್ಬಿನಡಿಯಲ್ಲಿ ಇದು ಇನ್ನೂ ಮುಖ್ಯ, ಆ ಬೆಳಕಿನಲ್ಲೇ ಕೆಂಪು ಹೆಚ್ಚು. ಚಿತ್ರವನ್ನು ಜೆಪೆಗ್ ಬದಲು ರಾ (ಸೆನ್ಸರ್‌ನ ಮಾಹಿತಿಯನ್ನು ಸಂಸ್ಕರಿಸದೆ ಇಡುವ) ರೂಪದಲ್ಲಿ ಉಳಿಸಿಕೊಳ್ಳಿ: ಜೆಪೆಗ್‌ನಲ್ಲಿ ಪ್ರತಿ ಬಣ್ಣಕ್ಕೆ 256 ಹಂತಗಳಿದ್ದರೆ, 14 ಬಿಟ್‌ನ ರಾ ಕಡತದಲ್ಲಿ 16,384 ಇರುತ್ತವೆ. ಸ್ವಲ್ಪ ಕಪ್ಪಾಗಿ ಬಂದ ಮುಖವನ್ನು ಆಮೇಲೆ ಎತ್ತಲು ಅಲ್ಲಿ ಅವಕಾಶವಿದೆ; ಪೂರ್ತಿ ಸುಟ್ಟ ಕೆಂಪನ್ನು ಮರಳಿ ತರಲು ಅಲ್ಲಿಯೂ ಆಗದು.

ಬಣ್ಣದ ಎಲ್‌ಇಡಿ ಹಾಕುವ ಆಟಗಳಲ್ಲಿ ಅಚ್ಚ ಕೆಂಪು ಅಥವಾ ಅಚ್ಚ ನೀಲಿ ಬೆಳಕು ಬಂದಾಗ ನಾನು ಕ್ಯಾಮೆರಾ ಕೆಳಗಿಡುತ್ತೇನೆ. ಸೆನ್ಸರ್‌ನ ಪ್ರತಿ ನಾಲ್ಕು ಬಿಂದುಗಳಲ್ಲಿ ಎರಡು ಹಸಿರಿಗೆ, ಒಂದು ಕೆಂಪಿಗೆ, ಇನ್ನೊಂದು ನೀಲಿಗೆ ಮೀಸಲಾದವು. ನೀಲಿ ಬೆಳಕಿನಲ್ಲಿ ಕಾಲುಭಾಗ ಸೆನ್ಸರ್ ಮಾತ್ರ ದುಡಿಯುತ್ತದೆ. ಅದರಲ್ಲಿ ಯಾವ ಲೆನ್ಸೂ ಸ್ಫುಟ ಚಿತ್ರ ಕೊಡುವುದಿಲ್ಲ.

ಚೌಕಿಕನ್ನಡಿ:

ಒಂದು ಮಾತು ಬಿಟ್ಟುಹೋಯಿತು. ದೇವಿ ಮಹಾತ್ಮೆಯಂಥ ಪ್ರಸಂಗದಲ್ಲಿ ಮಹಿಷಾಸುರನು ಸಭಿಕರ ಹಿಂದಿನಿಂದ ದೊಂದಿಗಳ (ಪಂಜುಗಳ) ನಡುವೆ ಬರುವಾಗ ಬೆಂಕಿಗೆ ರಾಳದ ಪುಡಿ ಎರಚುತ್ತಾರಲ್ಲ, ಆಗ ರಂಗಸ್ಥಳಕ್ಕೆಂದು ಹೊಂದಿಸಿಟ್ಟ ಯಾವ ಲೆಕ್ಕವೂ ನಡೆಯುವುದಿಲ್ಲ. ಬೆಂಕಿ ಭುಗಿಲೆದ್ದಾಗ ಬೆಳಕು ಹಲವು ಪಟ್ಟು ಏರುವುದರಿಂದ, ಎರಡು ಸ್ಟಾಪ್ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ) ಕಡಿಮೆ ಇಟ್ಟುಕೊಂಡು ಜ್ವಾಲೆಗಾಗಿಯೇ ಕಾಯಬೇಕು. ಜ್ವಾಲೆ ಇಲ್ಲದ ಕ್ಷಣದ ಚಿತ್ರಗಳು ಕಪ್ಪಾದರೆ ಆಗಲಿ. ಕಣ್ಣು ಗುರುತಿಸುವ ಆಟೊಫೋಕಸ್ ಚಿಟ್ಟಿ (ಅಕ್ಕಿಹಿಟ್ಟಿನ ಚುಕ್ಕೆಗಳು) ಇಟ್ಟ ಬಣ್ಣದ ವೇಷದ (ರಾಕ್ಷಸ ಪಾತ್ರದ) ಮುಖವನ್ನು ಎಷ್ಟೋ ಬಾರಿ ಮುಖವೆಂದೇ ಒಪ್ಪುವುದಿಲ್ಲ, ಅಲ್ಲಿ ಒಂದೇ ಫೋಕಸ್ ಬಿಂದುವನ್ನು ನೀವೇ ಇರಿಸಿಕೊಳ್ಳಿ.

ಮತ್ತು ಇಡೀ ರಾತ್ರಿಯ ಆಟವಾದರೆ ಮಂಗಳ ಹಾಡುವವರೆಗೂ ಕ್ಯಾಮೆರಾವನ್ನು ಚೀಲಕ್ಕೆ ಹಾಕಬೇಡಿ. ಆಕಾಶ ತಿಳಿಯಾಗತೊಡಗಿದಾಗ ಹಿಂದಿನ ತೆಂಗಿನ ಸಾಲು ನೀಲಿಯಾಗಿ ಮೂಡುತ್ತದೆ, ರಂಗಸ್ಥಳದ ದೀಪ ಇನ್ನೂ ಹಳದಿಯಾಗಿಯೇ ಇರುತ್ತದೆ, ಎರಡೂ ಒಂದೇ ಎಕ್ಸ್‌ಪೋಶರಿನೊಳಗೆ ಬರುವ ಅವಧಿ ಹದಿನೈದು ಇಪ್ಪತ್ತು ನಿಮಿಷವಷ್ಟೆ. ವೈಟ್ ಬ್ಯಾಲೆನ್ಸನ್ನು 3200 ಕೆಲ್ವಿನ್‌ಗೇ ಇಟ್ಟುಕೊಂಡರೆ ಆ ನೀಲಿ ಹಾಗೆಯೇ ಉಳಿಯುತ್ತದೆ. ನಿಮ್ಮ ಆ 900ರಲ್ಲಿ ಬೆಳಗಿನ ಜಾವದ ಚಿತ್ರಗಳು ಇದ್ದರೆ ಒಮ್ಮೆ ತೆಗೆದು ನೋಡಿ; ಹತ್ತು ಹನ್ನೆರಡರ ಲೆಕ್ಕಕ್ಕೆ ಇನ್ನೊಂದೆರಡು ಸೇರಬಹುದು.