ಆ ವೀಡಿಯೊದಲ್ಲಿ ಹೂವಿನವರು ಎಲ್ಲಿದ್ದಾರೆ?

ಗುಂಪು: ನಮ್ಮ ಮನೆಯವರು, ಮೈಸೂರು

ದೊಡ್ಡಪ್ಪ, ಬೆಳಿಗ್ಗೆ 6:42
(ಹಲವು ಬಾರಿ ಫಾರ್ವರ್ಡ್ ಆದ ವೀಡಿಯೊ)
ನಮ್ಮೂರಿನ ಹಳೆಯ ದೇವರಾಜ ಮಾರುಕಟ್ಟೆಯನ್ನು ಕೆಡವಿ ಅದೇ ರೂಪದಲ್ಲಿ ಮತ್ತೆ ಕಟ್ಟಿದರೆ ಹೀಗಿರುತ್ತದೆ ಎಂದು ಯಾರೋ ಕಂಪ್ಯೂಟರಿನಲ್ಲಿ ಮಾಡಿದ್ದಾರೆ. ಎಲ್ಲರೂ ನೋಡಿ. ಎಷ್ಟು ಅಚ್ಚುಕಟ್ಟು!

ಅತ್ತೆ, 6:58
ಚೆನ್ನಾಗಿದೆ ದೊಡ್ಡಣ್ಣ. ಹೋದ ಶನಿವಾರ ಬಾಳೆಹಣ್ಣಿನ ಸಾಲಿನಲ್ಲಿ ಕಾಲು ಜಾರಿ ಬೀಳುವುದರಲ್ಲಿದ್ದೆ. ಹೀಗಾದರೆ ನಿಶ್ಚಿಂತೆಯಾಗಿ ನಡೆಯಬಹುದು.

ನಾನು, 7:15
ಎರಡು ಸಲ ನೋಡಿದೆ ದೊಡ್ಡಪ್ಪ. ಕಮಾನು ಇದೆ, ದೀಪ ಇದೆ, ಕಲ್ಲಿನ ಬೆಂಚಿನ ಮೇಲೆ ಕಾಫಿ ಕುಡಿಯುವವರಿದ್ದಾರೆ. ಮೊಳ ಹಾಕಿ ಮಲ್ಲಿಗೆ ಮಾರುವವರು ಒಬ್ಬರೂ ಇಲ್ಲ. ಚಿಕ್ಕಪ್ಪನ ಅಂಗಡಿ ಇರಬೇಕಾದ ಕಡೆ ಗಾಜಿನ ಬಾಗಿಲಿದೆ. ಚಿಕ್ಕಪ್ಪ, ಇಂಥ ಯಾವುದಾದರೂ ಚಿತ್ರ ಬರೆಯುವ ಮೊದಲು ನಿಮ್ಮನ್ನು ಯಾರಾದರೂ ಕೇಳಿದ್ದುಂಟೇ?

ಚಿಕ್ಕಪ್ಪ, 7:20
ಇಲ್ಲ. ಈಗ ವ್ಯಾಪಾರದ ಹೊತ್ತು, ಮಧ್ಯಾಹ್ನ ಬರೆಯುತ್ತೇನೆ.

ದೊಡ್ಡಪ್ಪ, 7:34
ಕೇಳುವುದು, ಹೇಳುವುದು ಎಲ್ಲ ಆಮೇಲೆ. ಮೊದಲು ಜೀವ. 2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಎಂಬ ನಮ್ಮೂರಿನ ಹಳೆಯ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. ಅದಾದ ನಾಲ್ಕು ವರ್ಷಕ್ಕೆ ಇದೇ ಮಾರುಕಟ್ಟೆಯ ಉತ್ತರ ದ್ವಾರ ಬಿತ್ತು. ಮೂವತ್ತು ವರ್ಷ ಕಟ್ಟಡಗಳ ಕೆಲಸ ಮಾಡಿದವನು ನಾನು. ಗೋಡೆ ಬೀಳುವಾಗ ಯಾರ ಅಭಿಪ್ರಾಯವನ್ನೂ ಕೇಳುವುದಿಲ್ಲ. ಇನ್ನೊಂದು ಮಾತು. ಪ್ಲೇಗು ಬಂದು ಹೋದ ಮೇಲೆ, 1903ರಲ್ಲಿ, ಇಲ್ಲಿ ನಗರ ಸುಧಾರಣಾ ವಿಶ್ವಸ್ಥ ಮಂಡಳಿ ಮಾಡಿದರು. ಇಕ್ಕಟ್ಟಿನ ಓಣಿಗಳು ಹೋಗಿ ಅಗಲವಾದ ರಸ್ತೆಗಳು, ಹೊಸ ಬಡಾವಣೆಗಳು ಬಂದವು. ಬೀದಿ ಬೀದಿಯಲ್ಲಿ ಸಭೆ ಕರೆದು ಕುಳಿತಿದ್ದರೆ ಈ ಊರು ಆಗುತ್ತಿತ್ತೇ?

ನಾನು, 8:20
ದೊಡ್ಡಪ್ಪ, ಜೀವದ ಮಾತಿಗೆ ನನ್ನದು ಎದುರು ಮಾತಿಲ್ಲ. ಆ ಭಯವನ್ನು ದಿನವೂ ತಲೆಯ ಮೇಲೆ ಹೊತ್ತು ಕೂರುವವರು ಚಿಕ್ಕಪ್ಪನಂಥವರೇ. ಆದರೆ ಮೈಸೂರು ಯಾರನ್ನೂ ಕೇಳದೆ ಬೆಳೆದ ಊರು ಎಂದರೆ ಒಪ್ಪಲಾರೆ. ಆ ಮಂಡಳಿಗಿಂತ 22 ವರ್ಷ ಮೊದಲೇ, 1881ರಲ್ಲಿ, ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಇಲ್ಲಿ ಪ್ರಜಾಪ್ರತಿನಿಧಿ ಸಭೆ ಸೇರಿತ್ತು. ಭೂಹಿಡುವಳಿದಾರರನ್ನೂ ವರ್ತಕರನ್ನೂ ದಸರೆಯ ಹೊತ್ತಿಗೆ ಕರೆಸಿ ಅವರ ಅಹವಾಲು ಕೇಳುತ್ತಿದ್ದರು. ಎಲ್ಲರಿಗೂ ಅಲ್ಲಿ ಜಾಗ ಇರಲಿಲ್ಲ, ಸಭೆಗೆ ಅಧಿಕಾರವೂ ಇರಲಿಲ್ಲ, ನಿಜ. ಆದರೂ ಕೇಳಬೇಕು ಎಂಬ ತಿಳಿವಳಿಕೆ ಅರಸರ ಆಳ್ವಿಕೆಯಲ್ಲೇ ಇತ್ತು. ಈಗ ಸಂವಿಧಾನದ 74ನೇ ತಿದ್ದುಪಡಿ ಇದೆ. ಮೂರು ಲಕ್ಷಕ್ಕೆ ಕಡಿಮೆಯಿಲ್ಲದ ಜನರಿರುವ ನಗರಗಳಲ್ಲಿ ವಾರ್ಡ್ ಸಮಿತಿ ಇರಬೇಕು ಎನ್ನುತ್ತದೆ ಅದು.

ಉತ್ತರ ದ್ವಾರ ಬಿದ್ದದ್ದು ಯಾವಾಗ, ನೆನಪು ಮಾಡಿಕೊಳ್ಳಿ. 2016ರಲ್ಲಿ ದುರಸ್ತಿ ನಡೆಯುತ್ತಿದ್ದಾಗಲೇ ಬಿತ್ತು. ಆದ್ದರಿಂದ ಹಳೆಯದು ಎನ್ನುವ ಒಂದೇ ಕಾರಣಕ್ಕೆ ಅದರ ಹಣೆಬರಹ ಬರೆಯಬೇಡಿ.

ಅತ್ತೆ, 8:31
ಸಭೆ ಕರೆದರೆ ಯಾರು ಬರುತ್ತಾರೆ ಹೇಳು? ಎಲ್ಲರಿಗೂ ಅವರವರ ಕೆಲಸ.

ನಾನು, 8:52
ಅತ್ತೆ, ನಾನು ಒಂದು ಸಭೆಗೆ ಹೋಗಿದ್ದೆ. ಹೋದ ವರ್ಷ, ಪೇಟೆಬೀದಿಗಳ ನವೀಕರಣಕ್ಕೆ ಸಾರ್ವಜನಿಕರ ಸಲಹೆ ಕೇಳುತ್ತೇವೆ ಎಂದು ಕರೆದಿದ್ದರು. ಯಾವ ದಿನ ಗೊತ್ತೇ? ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ, ಗುರುವಾರ, ಬೆಳಿಗ್ಗೆ 11 ಗಂಟೆಗೆ. ವರ್ಷದ ದುಡಿಮೆಯಲ್ಲಿ ಆ ಒಂದು ದಿನಕ್ಕಾಗಿ ಕಾಯುವ ಹೂವಿನವರು, ಬಾಳೆಕಂದಿನವರು, ಅರಿಸಿನ ಕುಂಕುಮದವರು ಗದ್ದಿಗೆ ಬಿಟ್ಟು ಬರುತ್ತಾರೆಯೇ? ಚಿಕ್ಕಪ್ಪನ ಬದಲು ನಾನು ಹೋದೆ. ಗೋಡೆಗೆ ಮೂರು ನಕ್ಷೆ ತೂಗುಹಾಕಿದ್ದರು, ಮೂರರಲ್ಲೂ ಬರಹ ಇಂಗ್ಲಿಷಿನಲ್ಲಿ. ನನ್ನ ಪಕ್ಕದಲ್ಲಿ ವೀಳ್ಯದೆಲೆ ಮಾರುವ ಹಿರಿಯರೊಬ್ಬರು ಕುಳಿತಿದ್ದರು. ಅವರಿಗೆ ತಿಳಿಯಬೇಕಾದದ್ದು ಒಂದೇ ಮಾತು: ಕೆಲಸ ನಡೆಯುವಾಗ ನಮ್ಮನ್ನು ಎಲ್ಲಿ ಕೂರಿಸುತ್ತೀರಿ, ಮತ್ತೆ ಇಲ್ಲಿಗೇ ಕರೆತರುತ್ತೀರಾ? ಅವರು ಎರಡು ಬಾರಿ ಕೈ ಎತ್ತಿದರು. ಕೊನೆಗೆ ಕೇಳಿದಾಗ, ಅದನ್ನು ಮುಂದಿನ ಹಂತದಲ್ಲಿ ನೋಡೋಣ ಎಂದರು. ಹೋಗುವಾಗ ಹಾಜರಿ ಪುಸ್ತಕಕ್ಕೆ ರುಜು ಹಾಕಿಸಿಕೊಂಡರು. ಆ ಹಿರಿಯರು ಪೆನ್ನು ಹಿಡಿದು ಬಹಳ ಹೊತ್ತು ನಿಂತರು. ಇದಕ್ಕೆ ರುಜು ಹಾಕಿದರೆ ಒಪ್ಪಿದೆ ಎಂದಾಗುತ್ತದೆಯೇ ಮಗಳೇ ಎಂದು ನನ್ನನ್ನು ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ. ಇವತ್ತಿಗೂ ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಶೆರಿ ಆರ್ನ್‌ಸ್ಟೈನ್ ಎಂಬ ಅಮೆರಿಕದ ಮಹಿಳೆ 1969ರಲ್ಲಿ ಜನರ ಪಾಲ್ಗೊಳ್ಳುವಿಕೆಯನ್ನು ಎಂಟು ಮೆಟ್ಟಿಲ ಏಣಿಯಂತೆ ವಿವರಿಸಿದರು. ಮಾಹಿತಿ ಕೊಡುವುದು ಮೂರನೆಯ ಮೆಟ್ಟಿಲು, ಅಭಿಪ್ರಾಯ ಕೇಳುವುದು ನಾಲ್ಕನೆಯದು. ಜೊತೆಗೆ ಕುಳಿತು ತೀರ್ಮಾನಿಸುವುದು ಆರನೆಯದು. ನಾವು ನಾಲ್ಕನೆಯದಕ್ಕೇ ಕಾಲಿಡದೆ ರುಜು ಹಾಕಿಬಂದೆವು.

ಅಕ್ಕ, 10:05
ಅಪ್ಪ, ಇಲ್ಲಿಂದ ಒಂದು ಮಾತು. ಮಲೇಷ್ಯಾಕ್ಕೆ ಬಂದ ಮೇಲೆ ಪೆನಾಂಗಿನ ಜಾರ್ಜ್ ಟೌನ್ ನೋಡಲು ಹೋಗಿದ್ದೆ. 2008ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಊರು. ಸಾಲು ಮನೆಗಳು ಕಣ್ಣಿಗೆ ಹಬ್ಬ. ಆದರೆ ಬಾಡಿಗೆ ನಿಯಂತ್ರಣ 2000ದಲ್ಲಿ ಹೋದ ಮೇಲೆ ತಲೆಮಾರುಗಳಿಂದ ಇದ್ದ ಬಾಡಿಗೆದಾರರು ಬಹಳಷ್ಟು ಮಂದಿ ಬಿಟ್ಟುಹೋದರು. ಆಮೇಲೆ ಎಷ್ಟೋ ಮನೆಗಳು ಹೋಟೆಲುಗಳಾದವು. ಗೋಡೆ ಉಳಿಯಿತು, ಒಳಗಿನವರು ಹೋದರು.

ದೊಡ್ಡಪ್ಪ, 10:21
ಹಾಗಾದರೆ ಏನು ಮಾಡಬೇಕು ಎನ್ನುತ್ತೀರಿ? ಉದಾಹರಣೆ ಕೊಡಿ. ಬೇಡ ಬೇಡ ಎನ್ನುವುದು ಸುಲಭ.

ನಾನು, 10:48
ಇಟಲಿಯ ಬೊಲೊನ್ಯಾ. ಸುಮಾರು 50 ವರ್ಷದ ಹಿಂದೆ ಅಲ್ಲಿನ ನಗರಾಡಳಿತ ಹಳೆಯ ಪೇಟೆಯ ಮನೆಗಳನ್ನು ದುರಸ್ತಿ ಮಾಡಿ, ಅಲ್ಲಿದ್ದ ಕೆಲಸಗಾರರೂ ವಯಸ್ಸಾದವರೂ ಅಲ್ಲೇ ಉಳಿಯುವಂತೆ ಮಾಡಲು ಹೊರಟಿತು. ಯೋಜನೆ ಬಡಾವಣೆಗಳ ಮಂಡಳಿಗಳ ಮುಂದೆ ಚರ್ಚೆಗೆ ಬಂತು. ಮನೆಗಳನ್ನು ಸ್ವಾಧೀನ ಮಾಡಿಕೊಳ್ಳಬೇಕು ಎಂದಿದ್ದ ಮೊದಲ ಆಲೋಚನೆಗೆ ವಿರೋಧ ಬಂದಾಗ ಅದನ್ನು ಬಿಟ್ಟು, ಮಾಲೀಕರೊಂದಿಗೆ ಒಪ್ಪಂದ ಮಾಡಿಕೊಳ್ಳುವ ದಾರಿ ಹಿಡಿದರು. ನನಗೆ ಇಲ್ಲಿ ಮುಖ್ಯವಾಗಿ ಕಾಣುವುದು ಇದೇ. ಜನ ಮಾತನಾಡಿದರು, ಯೋಜನೆ ಬದಲಾಯಿತು. ಬದಲಾಗಲು ಜಾಗವೇ ಇಲ್ಲದ ನಕ್ಷೆ ಹಿಡಿದು ಸಭೆ ಕರೆದರೆ ಅದು ಊರಿಗೆ ಡಂಗುರ ಹೊಡೆಸಿದಂತೆ, ಅಷ್ಟೇ.

ಅತ್ತೆ, 10:55
ಇಟಲಿಯವರಿಗೆ ದುಡ್ಡಿದೆ.

ಚಿಕ್ಕಪ್ಪ, ಮಧ್ಯಾಹ್ನ 2:40
ಎಲ್ಲ ಓದಿದೆ. ದೊಡ್ಡ ಮಾತು ನನಗೆ ಬರುವುದಿಲ್ಲ, ಕಂಡದ್ದನ್ನು ಹೇಳುತ್ತೇನೆ. ಅಣ್ಣ, ನನ್ನ ಅಂಗಡಿಯ ಹಿಂದಿನ ಗೋಡೆ ನಿನಗೆ ನೆನಪಿರಬೇಕು. ಅಪ್ಪನ ಕಾಲದಲ್ಲಿ ಸುಣ್ಣದ ಗಾರೆ ಇತ್ತು. ಆಮೇಲೆ ಯಾವಾಗಲೋ ಅದರ ಮೇಲೆ ಸಿಮೆಂಟು ಬಳಿದರು. ಕಳೆದ ಮಳೆಗಾಲದಲ್ಲಿ ಆ ಸಿಮೆಂಟು ಹಲಗೆಯಂತೆ ಒಟ್ಟಿಗೇ ಕಳಚಿಬಿತ್ತು. ಹಿಂದಿನ ಇಟ್ಟಿಗೆ ಮುಟ್ಟಿದರೆ ಒದ್ದೆ ಬಟ್ಟೆ ಮುಟ್ಟಿದಂತೆ. ಸಂದಿನ ಗಾರೆ ಉಗುರಿಗೆ ಹಿಟ್ಟಿನಂತೆ ಬಂತು. ಮೇಲೆ ನೋಡಿದರೆ ಮಳೆನೀರಿನ ಕೊಳವೆಯ ಬಾಯಿಗೆ ಅರಳಿ ಸಸಿ ಬೇರು ಬಿಟ್ಟಿತ್ತು. ನೀರೆಲ್ಲ ಗೋಡೆಯೊಳಗೇ ಇಳಿಯುತ್ತಿತ್ತು. ನಾನೂ ಪಕ್ಕದವನೂ ಸೇರಿ ಸಸಿ ಕಿತ್ತೆವು, ಬೇರು ಮಾತ್ರ ಒಳಗೇ ಉಳಿಯಿತು. ಎರಡು ತಿಂಗಳಲ್ಲಿ ಗೋಡೆ ಒಣಗಿತು.

ಆ ಕೊಳವೆ ಕಟ್ಟಿಕೊಂಡಿದೆ ಎಂದು ನಮಗೆ ಗೊತ್ತಿತ್ತು. ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ನಮ್ಮ ತಪ್ಪೂ ಇದೆ. ಅಂಗಡಿಯ ಮುಂದೆ ತಗಡು ಇಳಿಬಿಟ್ಟವರು ನಾವೇ, ಓಡಾಡುವ ದಾರಿಗೆ ಮೂಟೆ ಇಟ್ಟವರು ನಾವೇ. ನಿನ್ನ ಜಾಗ ನಿನಗೇ ಎಂದು ಬರೆದುಕೊಟ್ಟರೆ ನಾಳೆಯೇ ತೆಗೆಯುತ್ತೇನೆ. ಇವತ್ತು ಇದ್ದು ನಾಳೆ ಇಲ್ಲ ಎನ್ನುವ ಅಂಗಡಿಗೆ ಯಾರು ದುಡ್ಡು ಹಾಕುತ್ತಾರೆ ಅಣ್ಣ?

ದೊಡ್ಡಪ್ಪ, 3:02
ಸುಣ್ಣದ ಗೋಡೆಗೆ ಸಿಮೆಂಟು ಬಳಿದದ್ದು ತಪ್ಪು. ಸುಣ್ಣದ ಗಾರೆ ಉಸಿರಾಡುತ್ತದೆ, ಒಳಗಿನ ತೇವವನ್ನು ಹೊರಗೆ ಬಿಡುತ್ತದೆ. ಸಿಮೆಂಟು ಅದನ್ನು ಒಳಗೇ ಕೂಡಿಹಾಕುತ್ತದೆ. ಅದು ನನಗೂ ಗೊತ್ತು. ಆದರೆ ಒಂದು ಗೋಡೆ ಒಣಗಿತು ಎಂದು ಇಡೀ ಕಟ್ಟಡ ಗಟ್ಟಿ ಎನ್ನಲು ಬರುವುದಿಲ್ಲ. ತೊಲೆಗಳ ತುದಿ ಗೋಡೆಯೊಳಗೆ ಹೇಗಿದೆ, ನೋಡಿದ್ದೀಯಾ?

ಚಿಕ್ಕಪ್ಪ, 3:06
ಎರಡು ಕಡೆ ಬೆರಳು ಹಾಕಿದರೆ ಪುಡಿ ಉದುರುತ್ತದೆ. ಉಳಿದ ಕಡೆ ಗಟ್ಟಿ ಇದೆ.

ನಾನು, 3:15
ದೊಡ್ಡಪ್ಪ, ನನಗೆ ಬೇಕಾಗಿರುವುದು ಇದೇ ಮಾತುಕತೆ. ಕೆಡವಬೇಕು ಎಂದ ತಜ್ಞರೂ ಇದ್ದಾರೆ, ಉಳಿಸಬಹುದು ಎಂದ ತಜ್ಞರೂ ಇದ್ದಾರೆ. ನಿಮ್ಮ ಪ್ರಶ್ನೆ, ಚಿಕ್ಕಪ್ಪನ ಬೆರಳು, ಎರಡೂ ಒಂದೇ ಕಡೆ ಕೂರಬೇಕು. ಚಿತ್ರ ಬರೆಯುವುದು ಅದಾದ ಮೇಲೆ.

ಅತ್ತೆ, 3:20
ನನ್ನದೂ ಒಂದು ಸೇರಿಸು. ಕೂತು ಸುಧಾರಿಸಿಕೊಳ್ಳಲು ಜಾಗ, ಹೆಂಗಸರಿಗೆ ಒಂದು ಶುಚಿಯಾದ ಶೌಚಾಲಯ. ಬೆಳಿಗ್ಗೆ ನಾಲ್ಕಕ್ಕೆ ಬರುವ ಹೂವಿನವರಿಗಂತೂ ಮೊದಲು ಬೇಕಾದದ್ದು ಅದು. ವೀಡಿಯೊದಲ್ಲಿ ಅದನ್ನು ಹುಡುಕಿದೆ, ಕಾಣಲಿಲ್ಲ.

ದೊಡ್ಡಪ್ಪ, 4:11
ತಮ್ಮಾ, ಭಾನುವಾರ ಎಷ್ಟು ಹೊತ್ತಿಗೆ ಅಂಗಡಿ ಮುಚ್ಚುತ್ತೀಯ?

ಚಿಕ್ಕಪ್ಪ, 4:13
ಎಂಟೂವರೆ. ಬಾ ಅಣ್ಣ. ಹೂವಿನ ಸಾಲಿನವರಿಗೂ ಹೇಳುತ್ತೇನೆ, ನಾಲ್ಕೈದು ಜನ ನಿಲ್ಲುತ್ತಾರೆ.

ದೊಡ್ಡಪ್ಪ, 4:15
ಬರುತ್ತೇನೆ. ಕೆಡವಬೇಕು ಎಂಬ ನನ್ನ ಮಾತು ಬದಲಾಗಿಲ್ಲ, ತಿಳಿದಿರಲಿ. ದೊಡ್ಡ ಟಾರ್ಚು ತೆಗೆದಿಡು. ಆ ಕೊಳವೆಯನ್ನು ಮೊದಲು ನೋಡೋಣ.