ಅಪ್‌ಡೇಟ್: ಎರಡನೆಯ ನಾಯಿಯಾಗಿ ಬುಲ್‌ಮಾಸ್ಟಿಫ್ ಬಂದಿದೆ

ಮುಧೋಳದ ಹೆಣ್ಣುನಾಯಿಯಿರುವ ನಮ್ಮ ಮನೆಗೆ ಕಾವಲಿಗಾಗಿ ಯಾವ ಮಾಸ್ಟಿಫ್ (ಭಾರಿ ಮೈಕಟ್ಟಿನ ಕಾವಲುನಾಯಿ) ತಳಿ ಹೊಂದೀತು ಎಂದು ಹಿಂದೆ ಇಲ್ಲಿ ಕೇಳಿದ್ದೆ. ತಾವು ಕೇನ್ ಕೊರ್ಸೊ, ಬುಲ್‌ಮಾಸ್ಟಿಫ್ ಎರಡನ್ನೂ ಸೂಚಿಸಿದ್ದಿರಿ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಎಸ್ಟೇಟುಗಳಲ್ಲಿ ಕಳ್ಳಬೇಟೆಗಾರರನ್ನು ಸದ್ದಿಲ್ಲದೆ ಸಮೀಪಿಸಿ ಕೆಡವಿ ಹಿಡಿಯಲೆಂದೇ ಮಾಸ್ಟಿಫ್ ಮತ್ತು ಬುಲ್‌ಡಾಗ್‌ಗಳನ್ನು ಕೂಡಿಸಿ ಬೆಳೆಸಿದ, 1924ರಲ್ಲಿ ಅಲ್ಲಿನ ಕೆನಲ್ ಕ್ಲಬ್ (ನಾಯಿ ತಳಿಗಳನ್ನು ನೋಂದಾಯಿಸುವ ಸಂಸ್ಥೆ) ಮಾನ್ಯ ಮಾಡಿದ ಬುಲ್‌ಮಾಸ್ಟಿಫ್ ಸುಮ್ಮಸುಮ್ಮನೆ ಬೊಗಳುವ ಜಾತಿಯಲ್ಲವೆಂಬ ಕಾರಣಕ್ಕೆ ಅದನ್ನೇ ತಂದೆವು. ಒಂದೇ ಲಿಂಗದ ನಾಯಿಗಳ ನಡುವೆ ಜಗಳ ಹೆಚ್ಚೆಂಬ ತಮ್ಮ ಎಚ್ಚರಿಕೆಯಂತೆ ಗಂಡುಮರಿಯನ್ನು ಆರಿಸಿದೆವು. ಹಿರಿಯವಳು ಮೊದಮೊದಲು ತಟ್ಟೆಯ ಮೇಲೆ ಮೂತಿಯಿಟ್ಟು ಗುರುಗುಟ್ಟುತ್ತಿದ್ದುದರಿಂದ ಇಬ್ಬರಿಗೂ ಬೇರೆ ಬೇರೆ ಕೋಣೆಗಳಲ್ಲಿ ಊಟ ಹಾಕುತ್ತಿದ್ದೇವೆ. ಈಗೀಗ ಅವನು ಬಾಲ ಕಚ್ಚಿದರೂ ಸಹಿಸುತ್ತಾಳೆ. (ಜೊಲ್ಲು ಒರೆಸುವ ಕೆಲಸದ ಬಗ್ಗೆ ಯಾರೂ ಹೇಳಿರಲಿಲ್ಲ!) ಅವನ ಮೂತಿ ಗಿಡ್ಡವಾಗಿದ್ದು ಸೆಕೆ ತಡೆಯುವುದು ಕಷ್ಟವಾದ್ದರಿಂದ ಬಿಸಿಲೇರುವ ಮೊದಲೇ ತಿರುಗಾಡಿಸುತ್ತೇವೆ. 50 ಕಿಲೊ ದಾಟಬಲ್ಲ ದೇಹದ ಕೀಲುಗಳು ಬಲಿಯುವ ತನಕ ಮೆಟ್ಟಿಲು, ಜಿಗಿತ ಬೇಡವೆಂದು ಪಶುವೈದ್ಯರು ಹೇಳಿದ್ದಾರೆ.