ಅಂಬಾಸಿಡರ್ ಹಾರ್ನ್ ಕೈ ಕೊಟ್ಟಿದೆ, ಸಹಾಯ ಬೇಕು (ಚಿಕ್ಕಮಗಳೂರು)

ಎಲ್ಲರಿಗೂ ನಮಸ್ಕಾರ. ಅಪ್ಪ ಓಡಿಸುತ್ತಿದ್ದ 1984ರ ಅಂಬಾಸಿಡರ್ ಈಗ ನನ್ನ ಹತ್ತಿರ ಇದೆ. ಎರಡು ವಾರದಿಂದ ಹಾರ್ನ್ ಸರಿಯಿಲ್ಲ. ಸ್ಟೀರಿಂಗ್ ನೇರ ಇದ್ದರೆ ಒತ್ತಿದರೂ ಸದ್ದೇ ಇಲ್ಲ. ಎಡಕ್ಕೆ ಸ್ವಲ್ಪ ತಿರುಗಿಸಿ ಒತ್ತಿದರೆ ಜೋರಾಗಿ ಹೊಡೆಯುತ್ತದೆ.

ಫ್ಯೂಸ್ ಚೆನ್ನಾಗಿದೆ. ಬ್ಯಾಟರಿಯಿಂದ ಹಾರ್ನ್‌ಗೆ ನೇರವಾಗಿ ವೈರ್ ಕೊಟ್ಟು ನೋಡಿದೆ, ಮೊದಲಿನ ಹಾಗೇ ಗಟ್ಟಿ ಸದ್ದು. ಹಾರ್ನ್ ಹತ್ತಿರ 12.3 ವೋಲ್ಟ್ ಬರುತ್ತಿದೆ. ಸ್ಟೀರಿಂಗ್ ಕಂಬದ ಬುಡದಲ್ಲಿ ಬಟನ್‌ಗೆ ಹೋಗುವ ವೈರ್ ಬಿಚ್ಚಿ ಗಾಡಿಯ ಲೋಹದ ಮೈಗೆ ತಾಗಿಸಿದರೂ ಹೊಡೆಯುತ್ತದೆ. ಅಂದರೆ ಹಾರ್ನ್ ಸರಿ ಇದೆ, ಬಟನ್ ಕಡೆಯಿಂದ ಅರ್ತ್ (ಗಾಡಿಯ ಮೈಗೆ ಸೇರುವ ಸಂಪರ್ಕ) ಸಿಗುತ್ತಿಲ್ಲ ಅಲ್ವಾ? ಒಳಗೆ ಕರೆಂಟ್ ದಾಟಿಸುವ ಹಿತ್ತಾಳೆ ಬಿಲ್ಲೆ ಒಂದು ಕಡೆ ಸವೆದಿರಬೇಕು, ಇಲ್ಲವೇ ಮಳೆಗಾಲದ ತೇವಕ್ಕೆ ಕಿಲುಬು ಹಿಡಿದಿರಬೇಕು ಅಂತ ನನ್ನ ಅನುಮಾನ.

ಇಲ್ಲಿನ ಒಬ್ಬ ಎಲೆಕ್ಟ್ರಿಷಿಯನ್, ಡ್ಯಾಶ್‌ಬೋರ್ಡ್‌ಗೆ ಬೇರೆ ಸ್ವಿಚ್ ಹಾಕಿಕೊಡ್ತೀನಿ ಎಂದರು. ನನಗೆ ಮನಸ್ಸಿಲ್ಲ. ನಡುವಿನ ಆ ಬಟನ್ ಮೇಲೆ ಅಪ್ಪನ ಹೆಬ್ಬೆರಳು ತಾಗಿ ತಾಗಿ ನುಣುಪಾದ ಗುರುತು ಇನ್ನೂ ಇದೆ. ಅದೇ ಕೆಲಸ ಮಾಡಬೇಕು.

ಬಟನ್ ಮುಚ್ಚಳ ಒಡೆಯದ ಹಾಗೆ ಬಿಚ್ಚುವುದು ಹೇಗೆ? ಹಳೇ ಪ್ಲಾಸ್ಟಿಕ್, ಸ್ಕ್ರೂಡ್ರೈವರ್ ಹಾಕಲು ಭಯ. ಬಿಲ್ಲೆ, ಸ್ಪ್ರಿಂಗ್ ಹಾಸನದ ಕಡೆ ಹಳೇ ಸ್ಪೇರ್ ಅಂಗಡಿಗಳಲ್ಲಿ ಸಿಗಬಹುದಾ? ಬರುವ ಅಮಾವಾಸ್ಯೆಗೆ ಅಮ್ಮನನ್ನು ಸೀತಾಳಯ್ಯನಗಿರಿ ಬೆಟ್ಟದ ದೇವಸ್ಥಾನಕ್ಕೆ ಕರೆದುಕೊಂಡು ಹೋಗಬೇಕು. ಕೈಮರ ದಾಟಿದ ಮೇಲೆ ಆ ತಿರುವುಗಳಲ್ಲಿ, ಮಂಜಿನಲ್ಲಿ ಹಾರ್ನ್ ಇಲ್ಲದೆ ಗಾಡಿ ಹತ್ತಿಸಲ್ಲ. ಈ ಕೆಲಸ ಮಾಡಿದವರು ದಯವಿಟ್ಟು ತಿಳಿಸಿ. ಫೋಟೋ ಬೇಕಿದ್ದರೆ ಇವತ್ತೇ ಹಾಕುತ್ತೇನೆ.